ರೈಲು ಬರದಿದ್ದರೆ: ಹನ್ನೊಂದು ಸಂದೇಶಗಳು

ನಮ್ಮ ಕುಟುಂಬದಲ್ಲಿ ಕನ್ನಡ ಮಾತನಾಡುವವರು ಎಲ್ಲರೂ. ಓದಿ ಬರೆಯಬಲ್ಲವನು ನಾನೊಬ್ಬನೇ. ನಲವತ್ತು ದಾಟಿದ ಮೇಲೆ, ಕೊಯಮತ್ತೂರಿನ ಪೀಳಮೇಡಿನ ಪಾಲಿಟೆಕ್ನಿಕ್‌ನಲ್ಲಿ ಪಾಠ ಮುಗಿಸಿ ಬಂದು, ಸಂಜೆ ಹೊತ್ತು ಚಿಕ್ಕ ಮಕ್ಕಳ ಪುಸ್ತಕ ಹಿಡಿದು ಅಕ್ಷರ ಕಲಿತೆ. ಹೆಂಡತಿ ಆಗಲೇ ಕೇಳಿದ್ದಳು: "ಇದ ಕಲ್ತು ಯಾರ್‌ಗೆ ಲೆಟರ್ ಬರೀಬೇಕು ನೀವು?" ಉತ್ತರ ಹೋದ ವರ್ಷ ಸಿಕ್ಕಿತು. ಅಕ್ಕನ ಮಗಳ ಭಾವೀ ಅತ್ತೆಗೆ.

ಅಕ್ಕ ತಿರುಪ್ಪೂರಿನಲ್ಲಿದ್ದಾಳೆ. ಭಾವ ತೀರಿಕೊಂಡು ಆರು ವರ್ಷ. ಮಗಳು ಅಲ್ಲೇ ಒಂದು ಬನಿಯನ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಆ ಕಂಪನಿಯ ನಿಟ್ಟಿಂಗ್ ಯಂತ್ರ ಕೆಟ್ಟಾಗ ಸರಿಮಾಡಲು ತುಮಕೂರಿನ ಹುಡುಗನೊಬ್ಬ ಬಂದಿದ್ದ. ಯಂತ್ರ ಸರಿಹೋದ ಮೇಲೂ ಇಬ್ಬರ ಫೋನು ನಿಲ್ಲಲಿಲ್ಲ. ಹುಡುಗನ ತಾಯಿ ಮಾತ್ರ ಒಂದು ವರ್ಷ ಒಂದೇ ಮಾತು ಹಿಡಿದುಕೊಂಡಿದ್ದರು: ಹುಡುಗಿ ಒಳ್ಳೆಯವಳೇ ಇರಬಹುದು, ಅಷ್ಟು ದೂರದ ಸಂಬಂಧ ಬೇಡ. ಮಗ ಬೇಡಿ, ಮುನಿಸಿಕೊಂಡು, ಊಟ ಬಿಟ್ಟು, ಅಂತೂ ಒಂದು ಭಾನುವಾರ ಬಂದು ನೋಡಿಕೊಂಡು ಹೋಗಲು ಒಪ್ಪಿಸಿದ. ಬಂದು ಮನೆ, ಜನ ನೋಡಿದರೆ ಅಮ್ಮ ಇಲ್ಲ ಅನ್ನುವುದಿಲ್ಲ, ಬರಿಸುವುದೇ ಕಷ್ಟ ಎಂದು ಅವನು ನಮ್ಮ ಹುಡುಗಿಗೆ ಹೇಳಿದ್ದನಂತೆ.

ಬರಿಸುವ ಕೆಲಸವನ್ನು ಅಕ್ಕ ನನಗೆ ಒಪ್ಪಿಸಿದಳು.

"ಅವ್ರು ಸುದ್ದ ಕನ್ನಡದ ಜನ ತಂಬಿ. ನಾನು ಬಾಯಿ ಬಿಟ್ರೆ ಅರ್ಧ ತಮಿಳೇ ಬರ್ತದೆ. ಹುಡುಗಿಗೋ ಅಕ್ಷರ ಬರಲ್ಲ. ನೀನೇ ವಾಟ್ಸಾಪ್‌ನಾಗೆ ಬರೀ. ನೀಟಾ ಬರೀ."

ನೀಟಾಗಿಯೇ ಬರೆದೆ.

ನಾನು ಕೈಹಾಕಿದ ವಾರವೇ ರೈಲ್ವೆ ನೌಕರರ ಮುಷ್ಕರದ ನೋಟಿಸ್ ಬಂತು: ಶನಿವಾರ ಮಧ್ಯರಾತ್ರಿಯಿಂದ. ಅದು ಸಾಲದೆಂಬಂತೆ ಹಳಿ ಕೆಲಸ ಬೇರೆ. ಕೆಲವು ರೈಲು ಕೊಯಮತ್ತೂರಿನ ಒಳಗೇ ಬಾರದೆ ಪೋತನೂರಿನ ಮೇಲೆ ಹೋಗುತ್ತವೆ, ಕೆಲವು ತಿರುಪ್ಪೂರಿನಲ್ಲಿ ನಿಲ್ಲುತ್ತವೋ ಇಲ್ಲವೋ ಗೊತ್ತಿಲ್ಲ. ಅವಿನಾಶಿಗೆ ಹೋಗುವ ಟೌನ್ ಬಸ್ಸು ಹತ್ತಬೇಕಾದರೂ ಅದರ ಹಿಂದೆ ಬರುವ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿಯೇ ಹತ್ತುವ ಮನುಷ್ಯ ನಾನು. ಈ ಎರಡು ಸುದ್ದಿ ಒಂದೇ ಬೆಳಿಗ್ಗೆ ಕಣ್ಣಿಗೆ ಬಿದ್ದರೆ ಏನಾಗಬೇಕು? ಕಾಫಿ ಆರಿತು. ಬರೆಯಲು ಕೂತೆ.

ಮೊದಲ ಸಂದೇಶದಲ್ಲಿ ಮುಷ್ಕರದ ವಿಷಯ ತಿಳಿಸಿದೆ. ಎರಡನೆಯದರಲ್ಲಿ, ಮುಷ್ಕರ ನಡೆದರೆ ಹೊಸೂರು, ಸೇಲಂ ಮಾರ್ಗವಾಗಿ ಬಸ್ಸು. ಅವಿನಾಶಿಯ ಬಳಿ ಇಳಿದರೆ ನಾನು ಕಾರಿನಲ್ಲಿ ಕಾಯುತ್ತೇನೆ. ಮೂರನೆಯದರಲ್ಲಿ, ಮುಷ್ಕರ ನಡೆಯದೆ ಹಳಿ ಕೆಲಸ ಮಾತ್ರ ನಡೆದರೆ ಏನು ಮಾಡಬೇಕು. ತನ್ನ ತಾಯಿಗೆ ಮಂಡಿನೋವು ಎಂದು ಹುಡುಗ ಹೇಳಿದ್ದ. ಹಾಗಾಗಿ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲು, ಲಿಫ್ಟು ಕೆಲಸ ಮಾಡದಿರುವ ಸಾಧ್ಯತೆ ಇವುಗಳ ಬಗ್ಗೆ ಒಂದು. ವಾಪಸ್ ಹೋಗುವ ರೈಲು ಖಚಿತವಿಲ್ಲದ್ದರಿಂದ ಎರಡು ದಿನದ ಮಾತ್ರೆ ಹೆಚ್ಚಿಗೆ ತನ್ನಿ ಎಂದು ಇನ್ನೊಂದು. ಹಿಂದೊಮ್ಮೆ ರೈಲು ನಿಂತಾಗ ಪ್ಲಾಟ್‌ಫಾರ್ಮಿನಲ್ಲಿ ಜನ ಹಾಸಿಕೊಂಡು ಮಲಗಿದ್ದ ಚಿತ್ರವೊಂದು ನನ್ನ ಫೋನಿನಲ್ಲಿತ್ತು. ಪರಿಸ್ಥಿತಿ ಅರ್ಥವಾಗಲಿ ಎಂದು ಅದನ್ನೂ ಕಳಿಸಿದೆ.

ನಾಲ್ಕು ದಿನದಲ್ಲಿ ಹನ್ನೊಂದು ಸಂದೇಶ. ಒಂದೊಂದರಲ್ಲೂ ಒತ್ತಕ್ಷರ ಸರಿಯಿದೆಯೇ ಎಂದು ಎರಡೆರಡು ಸಲ ನೋಡಿದ್ದೆ. ಆ ಕಡೆಯಿಂದ ಮೊದಲು "ಆಯಿತು" ಎಂದು ಬಂತು. ಆಮೇಲೆ "ಸರಿ." ಆಮೇಲೆ ಮುಗಿದ ಕೈಗಳ ಗುರುತು. ಆಮೇಲೆ ಅದೂ ಇಲ್ಲ. ಗುರುವಾರ ಹೆಂಡತಿ ನನ್ನ ಹೆಗಲ ಮೇಲಿಂದ ಇಣುಕಿದಳು.

"ಇನ್ನೂ ಅವ್ರಿಗೇನಾ? ಅವ್ರೇನು ಸಂಬಂಧ ನೋಡಕ್ಕೆ ಬರ್ತಾರಾ, ಯುದ್ಧಕ್ಕೆ ಹೋಗ್ತಾರಾ?"

"ನಾಳೆ ದಾರಿನಾಗೆ ಸಿಕ್ಕಾಕೊಂಡ್ರೆ ನಮ್ಮನ್ನೇ ತಾನೇ ಅನ್ನೋದು?"

"ನಿಮ್ಗೆ ಕವಲೆ ಇಲ್ಲಾಂದ್ರೆ ಅದಕ್ಕೊಂದು ಕವಲೆ," ಎಂದು ಒಳಗೆ ಹೋದಳು. ನಮ್ಮ ಮನೆಗಳಲ್ಲಿ ಚಿಂತೆಗೆ ತಮಿಳಿನ ಆ ಪದವೇ ಚಾಲ್ತಿ. ಅದು ನನ್ನ ಇನ್ನೊಂದು ಹೆಸರೂ ಹೌದು.

ಶುಕ್ರವಾರ ಹುಡುಗನ ತಾಯಿಯೇ ಫೋನ್ ಮಾಡಿದರು. ಮೃದುವಾದ ದನಿ, ಅವಸರವಿಲ್ಲ.

"ತಪ್ಪು ತಿಳ್ಕೋಬೇಡಿ. ನೀವು ಎಷ್ಟು ಮುತುವರ್ಜಿಯಿಂದ ಬರೆದಿದ್ದೀರಿ, ನಾನೂ ನಮ್ಮಣ್ಣನೂ ಎಲ್ಲಾ ಓದಿದ್ವಿ. ನನಗೆ ಮೊದ್ಲಿಂದ್ಲೂ ದೂರ ಅನ್ನೋ ಅಳುಕಿತ್ತು. ಮಗನ ಮಾತಿಗೆ ಹೂಂ ಅಂದಿದ್ದೆ. ಈಗ ನಿಮ್ಮ ಮೆಸೇಜು ನೋಡ್ತಾ ನೋಡ್ತಾ ಅನ್ನಿಸ್ತು, ನಾಳೆ ಹಬ್ಬ ಅಂತೀವಿ, ಬಾಣಂತನ ಅಂತೀವಿ, ಒಂದು ಕಾಯಿಲೆ ಕಸಾಲೆ ಬರುತ್ತೆ. ಪ್ರತಿ ಸಲಾನೂ ಇಷ್ಟು ಒದ್ದಾಡಬೇಕಲ್ಲ?"

"ಇಲ್ಲ ಇಲ್ಲ, ಯಾವಾಗಲೂ ಹೀಗಿರುವುದಿಲ್ಲ," ಎಂದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಸುಳ್ಳು ಹೇಳಿದಂತಾಯಿತೇನೋ ಎಂಬ ಅನುಮಾನ ಬಂದು, "ಮಳೆಗಾಲದಲ್ಲಿ ಕೆಲವೊಮ್ಮೆ..." ಎಂದು ಸೇರಿಸಿದೆ.

"ನೋಡಿ, ನೀವೇ ಹೇಳ್ತಿದ್ದೀರಿ. ನಾವು ಬರಲ್ಲ, ಬೇಜಾರು ಮಾಡ್ಕೋಬೇಡಿ," ಎಂದರು ಅವರು. ಆ ಮಾತಿನಲ್ಲಿ ಗೆದ್ದ ಭಾವ ಇರಲಿಲ್ಲ. ಭಾರ ಇಳಿಸಿಕೊಂಡವರ ದನಿ ಅದು. ವರ್ಷದಿಂದ ಅವರು ಹುಡುಕುತ್ತಿದ್ದ ಕಾರಣಗಳನ್ನೆಲ್ಲ ಹೆಣ್ಣಿನ ಕಡೆಯವನೇ ಬರೆದು ಕೊಟ್ಟಿದ್ದ, ಅದೂ ಅಚ್ಚುಕಟ್ಟಾದ ಕನ್ನಡದಲ್ಲಿ.

ಶನಿವಾರ ಸಂಜೆ ಮುಷ್ಕರ ವಾಪಸಾಯಿತು. ಮಾತುಕತೆಗೆ ಒಪ್ಪಿದ್ದಾರೆ ಎಂದು ಸುದ್ದಿ. ನನ್ನ ವಯಸ್ಸಿಗೆ ಇಂಥ ಎಷ್ಟೋ ನೋಟಿಸುಗಳನ್ನು ನೋಡಿದ್ದೇನೆ. ಹೆಚ್ಚಿನವು ಹಿಂದಿನ ಸಂಜೆ ಹೀಗೆಯೇ ಕರಗುತ್ತವೆ ಎಂಬುದೂ ಗೊತ್ತಿತ್ತು. ಆ ವಾರ ನಿಜವಾಗಿ ರೈಲು ನಿಲ್ಲಿಸಿದವನು ನಾನೊಬ್ಬನೇ.

ಭಾನುವಾರ ಬೆಳಿಗ್ಗೆ ಪ್ಯಾಸೆಂಜರ್ ಹಿಡಿದು ತಿರುಪ್ಪೂರಿಗೆ ಹೋದೆ. ಮುಖ ತೋರಿಸದಿದ್ದರೆ ಆಗುವುದಿಲ್ಲವಲ್ಲ. ಅಕ್ಕ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕುತ್ತಲೇ ಇದ್ದಳು. ಅಕ್ಕನ ಮಗಳು ಊಟದ ಮೇಜಿನ ಎದುರು ಬಂದು ಕೂತಳು.

"ಮಾಮಾ, ಅವ್ರಿಗೆ ಏನ್ ಬರೆದ್ರಿ ಅಂತ ಓದಿ. ಎಲ್ಲಾನೂ."

"ಈಗ ಯಾಕಮ್ಮ ಅದು?"

"ನಂಗೆ ಓದಕ್ಕೆ ಬರಲ್ಲ ಅಲ್ವಾ. ನನ್ನ ವಿಷಯ ತಾನೇ. ಓದಿ."

ಓದಿದೆ. ಒಂದರಿಂದ ಶುರುಮಾಡಿ. "ಮಾನ್ಯರೇ" ಎಂಬಲ್ಲಿಂದಲೇ. ಬಸ್ಸು, ಪೋತನೂರು, ಹಳಿ ಕೆಲಸ. ಲಿಫ್ಟಿನ ಸಂದೇಶಕ್ಕೆ ಅವಳು ಒಂದು ಕ್ಷಣ ನಕ್ಕಳು. ಮಾತ್ರೆಯ ಸಂದೇಶಕ್ಕೆ ನಗಲಿಲ್ಲ. ಪಾತ್ರೆಗಳ ಸದ್ದು ನಿಂತದ್ದು ಎಷ್ಟನೆಯದಕ್ಕೋ ಗೊತ್ತಾಗಲಿಲ್ಲ. ತಲೆ ಎತ್ತಿದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಹನ್ನೊಂದೂ ಮುಗಿದವು.

"ಅಷ್ಟೇನಾ?" ಎಂದಳು ಹುಡುಗಿ.

"ಅಷ್ಟೇ."

"ಬನ್ನಿ ಅಂತ ಎಲ್ಲೂ ಇಲ್ವೇ, ಮಾಮಾ."

ನಾನು ಮತ್ತೆ ಮೇಲಿನಿಂದ ಹುಡುಕಿದೆ, ನಾಚಿಕೆಯಿಲ್ಲದೆ, ಅವಳೆದುರೇ. ತನ್ನಿ, ಇಳಿಯಿರಿ, ಹತ್ತಬೇಡಿ, ವಿಚಾರಿಸಿಕೊಳ್ಳಿ, ಎಚ್ಚರವಿರಲಿ. ಎಲ್ಲ ಇದ್ದವು. ಬನ್ನಿ, ನಾವೆಲ್ಲ ಕಾಯುತ್ತಿದ್ದೇವೆ, ನಮ್ಮ ಹುಡುಗಿ ನಿಮ್ಮ ಮಗನನ್ನು ಬಹಳ ಇಷ್ಟಪಟ್ಟಿದ್ದಾಳೆ ಎಂಬ ಒಂದು ಸಾಲು ಇರಲಿಲ್ಲ. ಬರುವುದು ಹೇಗೂ ತೀರ್ಮಾನವಾಗಿದೆ, ಅದನ್ನು ಹೇಳುವುದೇನು ಎಂದುಕೊಂಡಿದ್ದೆನೋ, ಅಥವಾ ಹಾಗೆಂದು ಆಮೇಲೆ ನಾನೇ ಮಾಡಿಕೊಂಡ ಸಮಾಧಾನವೋ. ಗೋಡೆಯ ಗಡಿಯಾರದಲ್ಲಿ ಅವರು ಬರಬೇಕಿದ್ದ ಹೊತ್ತಾಗಿತ್ತು. ಕೈ ತಾನಾಗಿ ಫೋನಿನಲ್ಲಿ ಆ ರೈಲನ್ನು ಹುಡುಕಿತು. ತಿರುಪ್ಪೂರಿಗೆ ಬಂದು, ಎರಡು ನಿಮಿಷ ನಿಂತು, ಹೋಗಿತ್ತು.

"ಬಿಡು, ಇವ್ನ ಮೇಲೆ ಕೋಪ ಮಾಡ್ಕೊಂಡು ಏನಾಗ್ಬೇಕು," ಎಂದಳು ಅಕ್ಕ ಮಗಳಿಗೆ. ನನಗಲ್ಲ.

ಸ್ವಲ್ಪ ದಿನ ಕಳೆಯಲಿ, ಅಮ್ಮನನ್ನು ಮತ್ತೆ ಕೇಳುತ್ತೇನೆ ಎಂದು ಹುಡುಗ ಹೇಳಿದನಂತೆ. ದಿನ ಕಳೆದವು. ಯಾವ ತಿಂಗಳಲ್ಲಿ ಆ ಫೋನುಗಳು ನಿಂತವೋ ನನಗೆ ತಿಳಿಯದು. ಅದನ್ನು ಕೇಳುವ ಹಕ್ಕು ಇರಲಿಲ್ಲ. ಆಮೇಲೆ ಒಂದು ದಿನ ಅವಳೇ ಹೇಳಿದಳು. ಯಾರಿಗೂ ತಿಳಿಸದೆ ತುಮಕೂರಿಗೆ ಹೋಗಿ, ಆ ತಾಯಿಯ ಎದುರು ಕೂತು, ಒಪ್ಪಿಕೊಳ್ಳಿ ಎಂದು ತನ್ನ ಅರ್ಧ ತಮಿಳಿನ ಕನ್ನಡದಲ್ಲೇ ಕೇಳಿ ಬಂದಿದ್ದಳು. ಅವರು ಕಾಫಿ ಕೊಟ್ಟರಂತೆ, ಕೈಹಿಡಿದುಕೊಂಡರಂತೆ. ಮಗನಿಗೆ ತಿಪಟೂರಿನ ಕಡೆ ಹೆಣ್ಣು ಗೊತ್ತಾಗಿದೆ ಎಂದರಂತೆ. ಅಲ್ಲಿಗೆ ಅವರ ಮನೆಯಿಂದ ಒಂದೇ ಬಸ್ಸು.

"ನೀನು ಸ್ವಲ್ಪ ಮೊದ್ಲೇ ಬಂದಿದ್ರೆ ಅಂದ್ರು ಮಾಮಾ."

ನಾನು ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿದೆ.

"ಹೋಗೋವಾಗ್ಲೂ ಬರೋವಾಗ್ಲೂ ರೈಲು ಟೈಮ್‌ಗೇ ಇತ್ತು," ಎಂದಳು.

ವಾಪಸಿನ ಟಿಕೆಟ್ ಕನ್ಫರ್ಮ್ ಆಗಿತ್ತೇ, ಇಲ್ಲವೆಂದರೆ ಅಷ್ಟು ದೂರ ಒಬ್ಬಳೇ ಏನು ಮಾಡುತ್ತಿದ್ದಳು ಎಂಬ ಪ್ರಶ್ನೆ ನನ್ನ ತುಟಿಯವರೆಗೆ ಬಂದಿತ್ತು. ಕೇಳಲಿಲ್ಲ. ನಾನು ಅದನ್ನು ಕೇಳಿಯೇ ಕೇಳುತ್ತೇನೆಂದು ಅವಳು ಕಾಯುತ್ತಿದ್ದಂತೆ ಕಂಡಿತು.