ಅಕ್ಕೋರ ಗಾಂಧಾರ

ಬಾಂಗಡೆ ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಿದ್ದ ವತ್ಸಲಾ ಅಕ್ಕೋರು, ಸರಿಗಮದ ‘ಗ’, ಅಂದರೆ ಗಾಂಧಾರ, ಕೂದಲೆಳೆಯಷ್ಟು ಏರಿದರೆ ಹುಣಸೆಹಣ್ಣು ಕಚ್ಚಿದವರಂತೆ ಮುಖ ಮಾಡುತ್ತಿದ್ದರು. ಹಣಕೋಣದ ಅವರ ಮನೆಯ ಜಗಲಿಯಲ್ಲಿ ಭಾನುವಾರ ನಾವು ಕೆಲವು ಹೆಂಗಸರು ಹಾಡು ಕಲಿಯಲು ಕೂರುತ್ತಿದ್ದೆವು. ನಾನು ಅಮದಳ್ಳಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ತಡವಾದರೆ ಬೈಗುಳವಿಲ್ಲ, ಸ್ವರ ತಪ್ಪಿದರೆ ಮಾತ್ರ, “ಇಳಿಯೇ ತಂಗಿ, ಇನ್ನೂ ಸ್ವಲ್ಪ ಇಳಿ. ಹಾಂ, ಅಲ್ಲೇ ಕೂತ್ಕೋ” ಎನ್ನುತ್ತಿದ್ದರು. ಆ ‘ಸ್ವಲ್ಪ’ ಎಷ್ಟೆಂದು ತಿಳಿಯಲು ನನಗೆ ಒಂದು ಮಳೆಗಾಲ ಸಾಲಲಿಲ್ಲ.

ಅವರ ಯಜಮಾನರು ದಿನಕರ ಮಾಮ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರು. ಹೆಣ್ಣು ನೋಡಲು ಬಂದಾಗಲೂ ಪೇಟಿ ಹೊತ್ತು ತಂದಿದ್ದರಂತೆ. ಹುಡುಗಿ ಹಾಡಲು ಶುರುಮಾಡಿದವಳು ನಡುವೆಯೇ ನಿಲ್ಲಿಸಿ, “ನಿಮ್ಮ ಪೇಟಿಯ ಗಾಂಧಾರ ಮೇಲಾಯ್ತು. ಅದನ್ನ ಮುಚ್ಚಿದ್ರೆ ಹಾಡ್ತೆ” ಎಂದಳು. ಹಿರಿಯರೆಲ್ಲ ನೆಲ ನೋಡಿದರು. ಮಾಮ ಪೇಟಿ ಮುಚ್ಚಿದರು.

“ಮನೆಗೆ ಹೋಗಿ ತಂಬೂರಿ ಜೊತೆ ಹಿಡಿದು ನೋಡ್ದೆ. ಅವಳು ಹೇಳಿದ್ದು ಖರೇ ಇತ್ತು. ಮರುದಿನವೇ ಒಪ್ಪಿಗೆ ಹೇಳಿ ಕಳಿಸ್ದೆ” ಎಂದು ಮಾಮ ನಮಗೆ ಹೇಳುವಾಗ, ಅಕ್ಕೋರು ಒಳಗೆ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದರು.

ಪೇಟಿಯಲ್ಲಿ ಬೆರಳಿಂದ ಒತ್ತುವ ಕಪ್ಪು ಬಿಳಿ ಮನೆಗಳ ನಡುವೆ ಒಂದೇ ಸಮ ಅಂತರ. ಯಾರು ಯಾವ ಮನೆಯಿಂದ ಹಾಡಿದರೂ ನಡೆಯಲಿ ಎಂದು ಹಾಗೆ ಮಾಡಿದ್ದು. ತಂಬೂರಿಯ ತಂತಿಯೊಳಗಿಂದ ತಾನಾಗಿ ಕೇಳುವ ಗಾಂಧಾರ ಅದಕ್ಕಿಂತ ತುಸು ಕೆಳಗಿದೆ. ಗಂಡಹೆಂಡಿರ ಜಗಳವೆಲ್ಲ ಆ ತುಸುವಿನ ಮೇಲೆ. ಅಕ್ಕೋರಿಗೆ ಅರವತ್ತು ತುಂಬಿದಾಗ ಮಾಮ ಗುಟ್ಟಾಗಿ, ಒಳಗೆ ಸ್ವರ ಹುಟ್ಟಿಸುವ ಹಿತ್ತಾಳೆ ರೀಡುಗಳನ್ನು ಅವರ ಕಂಠಕ್ಕೆ ಸರಿಯಾಗಿ ಕೆರೆಸಿ ತಂದರು. ಅಕ್ಕೋರು ಅದರ ಜೊತೆ ಹಾಡುತ್ತ ಗಾಂಧಾರದ ಮೇಲೆ ನಿಂತು ಕಣ್ಣು ಮುಚ್ಚಿದರು. “ಸಿಕ್ತು” ಎಂದರು, ಅಷ್ಟೇ. ಮಾಮ ಆ ಒಂದು ಮಾತನ್ನು ಕಾರವಾರವಿಡೀ ಹೇಳಿಕೊಂಡು ತಿರುಗಿದರು.

ಅದೇ ಸಂತೋಷದಲ್ಲಿ ಆ ಪೇಟಿಯನ್ನು ಅಂಕೋಲೆಯ ಒಂದು ಭಜನೆಗೆ ಒಯ್ದರು. ಅಕ್ಕೋರು ಹಾಡಿದಾಗ ಸಭೆ ಮಿಸುಕಲಿಲ್ಲ. ಅವರ ನಂತರ ಕೂತವರು ಹಟ್ಟಿಕೇರಿಯ ನಾರಾಯಣಣ್ಣ. ಗದ್ದೆ ಮಾಡಿಕೊಂಡಿದ್ದವರು, ಒಳ್ಳೆಯ ಕಂಠ. ಅಕ್ಕೋರಿಗೆ ಗಾಂಧಾರವಾಗಿದ್ದ ಮನೆ ಅವರಿಗೆ ಷಡ್ಜ, ಹಾಡು ಹೊರಡುವ ‘ಸ’. ಅಂತರಗಳೆಲ್ಲ ಅಕ್ಕೋರ ಲೆಕ್ಕಕ್ಕೆ ಬದಲಾಗಿದ್ದರಿಂದ, ಅಲ್ಲಿಂದ ಹೊರಟರೆ ನಾರಾಯಣಣ್ಣನ ಗಾಂಧಾರ ಎಲ್ಲೋ ಹಾರಿಹೋಗಿತ್ತು. ಮಾಮ ಅದನ್ನು ಒತ್ತಿದ್ದೇ ತಡ, ಪೇಟಿ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕೂಗಿತು. ಜನ ನಕ್ಕರು. ನಾರಾಯಣಣ್ಣ ತನ್ನದೇ ತಪ್ಪೆಂದು ತಿಳಿದು ಬೆವತು, ಎದ್ದು ಹೋಗಲು ನೋಡಿದರು.

ಅಕ್ಕೋರು ಹೋಗಿ ಅವರ ಪಕ್ಕ ಕೂತರು. “ಕೂತ್ಕೊಳ್ಳಿ ನಾರಾಯಣಣ್ಣ, ತಪ್ಪು ನಿಮ್ದಲ್ಲ. ಈ ಪೇಟಿ ನನ್ನೊಬ್ಬಳಿಗೇ ಆಗಿಬಿಟ್ಟದೆ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಚೀಲದಿಂದ ಕರೆಂಟಿನ ತಂಬೂರಿ ತೆಗೆದು ಅವರ ಷಡ್ಜಕ್ಕೆ ತಿರುಗಿಸಿಟ್ಟರು. ನಾರಾಯಣಣ್ಣ ಆ ದಿನ ಹಾಡಿದ್ದನ್ನು ಅಂಕೋಲೆಯವರು ಇನ್ನೂ ನೆನೆಯುತ್ತಾರೆ.

ಮರುವಾರ ಅಕ್ಕೋರು ಹಟ ಹಿಡಿದು ಪೇಟಿಯನ್ನು ಮೊದಲಿನಂತೆ ಮಾಡಿಸಿದರು. ಮಾಮನಿಗೆ ಬೇಜಾರಾಯಿತು. “ಎಲ್ಲರ ಸಂಗಡ ಹೋಗ್ಬೇಕಾದ್ರೆ ಅದು ಎಲ್ಲರ ಹತ್ರ ಚೂರು ಚೂರು ತಪ್ಪೇ ಇರ್ಬೇಕು. ಇರ್ಲಿ ಬಿಡಿ” ಎಂದು ಅಕ್ಕೋರು ಸಮಾಧಾನ ಮಾಡಿದರು. ಅಂದಿನಿಂದ ಅವರು ಹಾಡುವಾಗ ಗಾಂಧಾರ ಬಂತೆಂದರೆ ಮಾಮ ಬೆರಳು ಎತ್ತಿಬಿಡುತ್ತಿದ್ದರು. ಪೇಟಿ ಸುಮ್ಮನಾದ ಆ ಜಾಗದಲ್ಲಿ ಅಕ್ಕೋರ ದನಿ ಒಂದೇ ನಿಲ್ಲುತ್ತಿತ್ತು.

ಕೊನೆಕೊನೆಗೆ ಅಕ್ಕೋರಿಗೆ ಕಿವಿ ಮಂದವಾಯಿತು. “ಈ ಕಿವಿ ಮಶಿನು ಹಾಕಿದ್ರೆ ಕಾಗೆಯೂ ನೀನೂ ಒಂದೇ ಕೇಳ್ತೀರಿ” ಎಂದು ನನಗೆ ಹೇಳಿ ಅದನ್ನು ತೆಗೆದಿಟ್ಟಿದ್ದರು. ಅವರು ತೀರಿಕೊಳ್ಳುವ ಮೊದಲಿನ ಭಾನುವಾರ ನಾನು ತಂಬೂರಿ ಶ್ರುತಿ ಮಾಡುತ್ತಿದ್ದೆ. ಅಕ್ಕೋರು ಹತ್ತಿರ ಸರಿದು ಅದರ ಬುರುಡೆಗೆ ಕೆನ್ನೆ ಒತ್ತಿದರು.

“ಇನ್ನೂ ನಡುಗ್ತದೆ” ಎಂದರು. ನಾನು ತಂತಿಯ ಮಣಿ ಸರಿಸಿ ಶ್ರುತಿ ಕೂಡಿಸಿದೆ.

“ಬಂತು. ಇನ್ನು ಮುಟ್ಬೇಡ. ಹಾಡು.”

ನಾನು ಹಾಡಿ ಮುಗಿಸುವವರೆಗೂ ಅವರು ಕೆನ್ನೆ ತೆಗೆಯಲಿಲ್ಲ.