ಮುಖವಿಲ್ಲದ ತಲೆಗಳ ಹಲಗೆ

ವರ್ನೆಲ್ ಟಿಬ್ಸ್ ಬರೆದ ಬೋರ್ಡಿನ ಕೆಳಗೆ ಹಾಯದೆ ಅಮೆರಿಕದ ಮಿಲ್ವಾಕಿಯ ಉತ್ತರದ ಓಣಿಗಳಲ್ಲಿ ಯಾರೂ ಹೊಟ್ಟೆ ತುಂಬಿಸಿಕೊಂಡವರಿಲ್ಲ, ಮದುವೆಯಾದವರಿಲ್ಲ, ಮಣ್ಣಿಗೆ ಹೋದವರೂ ಇಲ್ಲ. ಕರಿದ ಮೀನಿನ ಅಂಗಡಿ, ಚರ್ಚು, ಹೆಣ ಸಿಂಗರಿಸುವ ಮನೆ, ಎಲ್ಲದರ ನೆತ್ತಿಯ ಮೇಲೂ ಅವಳದೇ ಅಕ್ಷರ. ಅಂಗಡಿಯ ಬೋರ್ಡಿನ ಮೀನಿಗೆ ಪಾದ್ರಿಯ ಮುಖವೆಂದು ಓಣಿಯೆಲ್ಲ ನಗುತ್ತಿತ್ತು. ಹೋಲಿಕೆ ಕಾಣದಿದ್ದದ್ದು ಪಾದ್ರಿಯೊಬ್ಬರಿಗೇ. ಐವತ್ತೆಂಟರ ವರ್ನೆಲ್ ಗಂಡಂದಿರಿಬ್ಬರನ್ನೂ ಬಿಟ್ಟಿದ್ದಳು, ಏಣಿಯನ್ನು ಬಿಟ್ಟಿರಲಿಲ್ಲ.

ತಮ್ಮ ಲೂಷಿಯಸ್‌ನ ಕ್ಷೌರದಂಗಡಿಯಲ್ಲಿದ್ದ ತಲೆಗಳ ಹಲಗೆಯೂ ಅವಳದೇ ಕೈಯದು. ಸಾಲು ಸಾಲು ಕಪ್ಪು ಗಂಡಸರ ಮುಖ, ತಲೆಗೊಂದು ಬಗೆಯ ಕ್ರಾಪು, ಕೆಳಗೆ ನಂಬರು. ಅಲ್ಲಿ ಕೂದಲಿನ ಬಗ್ಗೆ ಯಾರೂ ವಿವರಿಸುವುದಿಲ್ಲ. ಕುರ್ಚಿಯಲ್ಲಿ ಕೂತು ನಂಬರು ಹೇಳುತ್ತಾರೆ; ಆಮೇಲಿನ ಮಾತೆಲ್ಲ ಬೇರೆಯವರ ಸಂಸಾರದ್ದು.

ಕೊರೊನಾ ಬಂತು. ಅಂಗಡಿ ಮುಚ್ಚಿ ಎಂದು ಸರ್ಕಾರದ ಆಜ್ಞೆಯಾಯಿತು. ಲೂಷಿಯಸ್ ಮುಂಬಾಗಿಲಿಗೆ ಬೀಗ ಜಡಿದು ಹಿಂಬಾಗಿಲು ತೆರೆದ. ಸಕ್ಕರೆ ಕಾಯಿಲೆಯವನು, ಉಬ್ಬಸದವನು, ಮೂಗಿಗೆ ಬಟ್ಟೆ ಕಟ್ಟಿದರೆ ತನ್ನ ಮೀಸೆಯ ಗತಿಯೇನು ಎನ್ನುವವನು. ಒಡಹುಟ್ಟಿದವನೆಂದು ಇದ್ದವನು ಅವನೊಬ್ಬ. ಅವನನ್ನು ಕಳೆದುಕೊಳ್ಳುವುದು ವರ್ನೆಲ್‌ಗೆ ಬೇಕಿರಲಿಲ್ಲ.

ಆರೋಗ್ಯ ಇಲಾಖೆಯವರು ಹಂಚಿದ ಕಾಗದವನ್ನು ಒಯ್ದು ಅವನೆದುರು ಹಿಡಿದಳು. ಊರಿನ ನಕ್ಷೆ; ಸಾವು ಹೆಚ್ಚಿದ್ದ ತಮ್ಮ ಓಣಿಗಳಿಗೆಲ್ಲ ಕೆಂಪು ಬಳಿದಿತ್ತು.

"ಇದನ್ನ ನೋಡಿದೀನಕ್ಕಾ," ಅಂದ ಲೂಷಿಯಸ್. "ಅಪ್ಪಂಗೆ ಮನೆ ಸಾಲ ಇಲ್ಲ ಅಂದಾಗ ಬ್ಯಾಂಕಿನೋರು ತೋರ್ಸಿದ್ದೂ ಇದೇ ಕೆಂಪು. ಕಳ್ಳರ ಕೇರಿ ಅಂತ ಪೇಪರ್‌ನಲ್ಲಿ ಹಾಕೋದೂ ಇದೇ. ಬೇರೆ ಬಣ್ಣ ಸಿಗಲ್ವಾ ಇವ್ರಿಗೆ?"

ಚರ್ಚಿನ ಹಿರಿಯ ಡೀಕನ್ ಪರ್ವಿಸ್ ಕುರ್ಚಿಯಲ್ಲಿದ್ದರು. "ನಾವು ಹಂದಿ ಜಾಸ್ತಿ ತಿಂತೀವಂತೆ, ಅದಕ್ಕೇ ಸಾಯ್ತೀವಂತೆ. ಟೀವೀಲಿ ಒಬ್ಬ ಹೇಳ್ದ."

"ಹಂಗಾಗಿದ್ರೆ ಡೀಕನ್, ನಿಮ್ಮನ್ನ ಮಣ್ಣು ಮಾಡಿ ಇಪ್ಪತ್ತು ವರ್ಷ ಆಗಿರ್ಬೇಕಿತ್ತು," ಎಂದಳು ವರ್ನೆಲ್.

ಆದರೂ ಬಣ್ಣದ ಮಾತು ಅವಳಿಗೆ ನಾಟಿತು. ಮನೆಗೆ ಹೋಗಿ ಹೊಸ ಹಲಗೆ ಎತ್ತಿಕೊಂಡಳು. ಕ್ಷೌರಕ್ಕೆ ಬರುವವರಿಗೆ ಓದಲು ಗೊತ್ತಿರುವ ಚಿತ್ರವೆಂದರೆ ತಲೆಗಳದು, ತಲೆಗಳನ್ನೇ ಬರೆದಳು. ಮೇಲಿನ ಸಾಲಿನಲ್ಲಿ ಜಿಲ್ಲೆಯ ಜನ: ನಾಲ್ಕು ತಲೆಗೊಂದು ಕಪ್ಪು. ಕೆಳಗಿನ ಸಾಲಿನಲ್ಲಿ ಸತ್ತವರು: ಅಲ್ಲಿ ಕಪ್ಪು ತಲೆಗಳದೇ ಮೆರವಣಿಗೆ. ಸತ್ತವರಿಗೆ ಕಣ್ಣಿಲ್ಲ, ಮೂಗಿಲ್ಲ, ಕೂದಲಿಲ್ಲ, ಬರೀ ಬಣ್ಣ ತುಂಬಿದ ಗುಂಡು. ಅಂಗಡಿಯಲ್ಲಿ ತೂಗುಹಾಕಿ ಬಂದು ನೆಮ್ಮದಿಯಾಗಿ ಮಲಗಿದಳು.

ಎರಡು ದಿನ ಬಿಟ್ಟು ಹೋದರೆ ಅಂಗಡಿಯ ಹಿತ್ತಲಲ್ಲಿ ಮೂವರು ಗಂಡಸರು ಬಿಸಿಲಿಗೆ ತಲೆ ಫಳಫಳಿಸುತ್ತ ನಿಂತಿದ್ದರು.

"ಹೊಸ ಬೋರ್ಡು ಜೋರಾಗಿದೆ, ಮಿಸ್ ವರ್ನೆಲ್," ಅಂದ ಒಬ್ಬ. "ಕೆಳಗಿನ ಸಾಲಿಂದು ಮಾಡು ಅಂದ್ವಿ. ನುಣ್ಣಗೆ ಬೋಳಿಸ್ಕೊಟ್ಟ. ನಂಬರು ಹಾಕೋದು ಮರೆತಿದೀರ, ನೋಡಿ."

ಸಾವನ್ನು ತಾವೇ ಆರಿಸಿ, ದುಡ್ಡು ಕೊಟ್ಟು, ಕನ್ನಡಿಯಲ್ಲಿ ಮೆಚ್ಚಿಕೊಂಡು ಬಂದಿದ್ದರು! ಅವಳ ಬಾಯಿಂದ ಹೊರಟ ಬೈಗುಳ ಕೇಳಿ ಪಕ್ಕದ ಮನೆಯ ನಾಯಿ ಒಳಗೋಡಿತು.

ಹಲಗೆ ವಾಪಸ್ಸು ಬಂತು. ಓಣಿಯಲ್ಲಿ ತೀರಿಹೋದವರನ್ನು ಒಬ್ಬೊಬ್ಬರಾಗಿ ನೆನೆದಳು. ಬಸ್ ಓಡಿಸುತ್ತಿದ್ದ ರಾಯ್ಸ್. ಮಾಂಸದ ಕಾರ್ಖಾನೆಯ ಎಲ್‌ಡ್ರಿಜ್. ಆಸ್ಪತ್ರೆಯ ನೆಲ ಒರೆಸುತ್ತಿದ್ದ ಓಥಾ. ಹಂದಿ ಎಲ್ಲರೂ ತಿನ್ನುತ್ತಾರೆ. ಮನೆಯಲ್ಲಿ ಕೂತು ಕೆಲಸ ಮಾಡಲಾಗದವರು ಇವರು. ಬೋಳು ಗುಂಡುಗಳಿಗೆ ಟೋಪಿ ಬರೆಯತೊಡಗಿದಳು: ಬಸ್ಸಿನವನ ಟೋಪಿ, ಕಾರ್ಖಾನೆಯ ಬಲೆಟೋಪಿ, ಆಸ್ಪತ್ರೆಯ ನೀಲಿ ಟೋಪಿ. ಟೋಪಿಗೆ ನೆರಿಗೆ ಇತ್ತು, ಹೊಲಿಗೆ ಇತ್ತು. ಕೆಳಗೆ ಮುಖವಿರಲಿಲ್ಲ.

ಶನಿವಾರ ಬೆಳಿಗ್ಗೆ ಅದನ್ನು ಮತ್ತೆ ತೂಗುಹಾಕಿದಾಗ ಡೀಕನ್ ಪರ್ವಿಸ್‌ರ ತಲೆಯ ಕ್ಷೌರ ಅರ್ಧ ಆಗಿತ್ತು. ಅವರೇ ಮೊದಲು ನೋಡಿದ್ದು.

"ಅದು ರಾಯ್ಸ್ ಅಲ್ವೇನಮ್ಮಾ? ಹಂಗೇ ಓರೆ ಇಡ್ತಿದ್ದ ಟೋಪಿನ."

ಲೂಷಿಯಸ್ ಕ್ಷೌರದ ಮಷಿನ್ ಕೈಯಲ್ಲಿ ಹಿಡಿದೇ ಹಲಗೆಯ ಉದ್ದಕ್ಕೂ ಕಣ್ಣಾಡಿಸಿದ. "ಕ್ಷೌರದೋನ ಟೋಪಿ ಎಲ್ಲೂ ಕಾಣಲ್ಲ. ನಮಗೆ ಟೋಪಿನೇ ಇಲ್ಲ. ಬದುಕ್ಕೊಂಡೆ, ಬಿಡಕ್ಕಾ!"

ವರ್ನೆಲ್ ಜೇಬಿನಿಂದ ಕುಂಚ ತೆಗೆದಳು. ಮೂಲೆಯಲ್ಲಿ ಖಾಲಿಯಿದ್ದ ಜಾಗದಲ್ಲಿ ಒಂದು ಗುಂಡು ಎಳೆದಳು, ಪಕ್ಕಕ್ಕೆ ಒಂದು ದೊಡ್ಡ ಕಿವಿ.

"ಯಾರದು?"

"ಇಂಥ ಕಿವಿ ಊರಲ್ಲಿ ಇನ್ಯಾರಿಗಿದ್ಯೋ, ಕತ್ತೆ?"

ಇನ್ನೊಂದು ಕಿವಿಗೆ ಕೈಯಿಟ್ಟಳು. ಗೆರೆ ಅಲುಗಿತು. ಏಣಿಯ ತುದಿಯಲ್ಲಿ, ಗಾಳಿಯಲ್ಲಿ, ಎರಡೂ ಮದುವೆಗಳ ಗಲಾಟೆಯಲ್ಲಿ ಅಲುಗದ ಕೈ. ಕಿವಿ ಕುತ್ತಿಗೆಯವರೆಗೂ ಸೊಟ್ಟಗೆ ಇಳಿದುಹೋಯಿತು. ಲೂಷಿಯಸ್ ಚಿತ್ರ ನೋಡಲಿಲ್ಲ, ಆ ಕೈಯನ್ನೇ ನೋಡುತ್ತ ನಿಂತ. ಆಮೇಲೆ ಗೋಡೆಯಿಂದ ಮಷಿನ್ನಿನ ವಯರು ಕಿತ್ತ.

"ಅಳಿಸಕ್ಕಾ ಅದನ್ನ. ಅಳಿಸು ಅಂದ್ನಲ್ಲ." ಡೀಕನ್‌ರ ಕೊರಳಿನ ಬಟ್ಟೆ ಬಿಚ್ಚಿದ. "ಏಳಿ, ಅಂಗಡಿ ಮುಚ್ಚಿದೀನಿ."

"ಇನ್ನರ್ಧ ತಲೆ?"

"ಕಾಯಿಲೆ ಹೋದ್ಮೇಲೆ."

"ನಾಳೆ ಫೋನ್‌ನಲ್ಲೇ ಆರಾಧನೆ ಐತಯ್ಯಾ, ವಿಡಿಯೋ ಬೇರೆ! ನನ್ನ ಹೆಂಡ್ತಿ ಉಳಿದದ್ದನ್ನ ಕೋಳಿ ಕತ್ತರೀಲಿ ಕತ್ತರಿಸ್ತಾಳೆ!"

"ಹಂಗಾದ್ರೆ ಯಾವ ಕಡೆಯಿಂದ ನೋಡಿದ್ರೆ ಚೆಂದ ಕಾಣ್ತೀರಿ ಅಂತ ಅವ್ರನ್ನೇ ಕೇಳಿ," ಎನ್ನುತ್ತ ಲೂಷಿಯಸ್ ಅವರನ್ನು ಹೊರಗೆ ಸಾಗಿಸಿ, ಹಿಂಬಾಗಿಲಿಗೂ ಬೀಗ ಹಾಕಿದ.