ಎದ್ದು ಹೋದರೆ ಆಫ್ ಆಗುವ ಕಂಪ್ಯೂಟರ್

ನನ್ನ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ವಿಚಿತ್ರ ಕಾಯಿಲೆ ಹಿಡಿದಿತ್ತು. ಎದುರಿಗೆ ಕೂತಿರುವ ತನಕ ಚೆನ್ನಾಗಿರುತ್ತಿತ್ತು; ಬೆಳಿಗ್ಗೆ ಎರಡು ನಿಮಿಷ ಎದ್ದು ಹೋಗಿ ಬಂದರೆ ಆಫ್ ಆಗಿರುತ್ತಿತ್ತು, ಅದೂ ದಿನ ಬಿಟ್ಟು ದಿನ. ಒಳಗಿನ ಧೂಳು ಕೊಡವಿದೆ, ಹೊಸ ಪವರ್ ಸಪ್ಲೈ ಹಾಕಿಸಿದೆ, ಅದನ್ನು ಮಾರಿದವನ ವಂಶಕ್ಕೆಲ್ಲ ಶಾಪ ಹಾಕಿದೆ. ಕೊನೆಗೆ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊಸಹಳ್ಳಿಯ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿ ನಾಲ್ಕು ದಿನ ಒಂದು ಸಲವೂ ಆಫ್ ಆಗಲಿಲ್ಲ.

“ಇದಕ್ಕೇನೂ ಆಗಿಲ್ಲ ಸಾರ್. ನೀವು ಎದ್ದು ಎಲ್ಲಿಗೆ ಹೋಗ್ತೀರಾ?” ಎಂದರು ಅಂಗಡಿಯವರು.

“ಎಲ್ಲಿಗೇನ್ರೀ? ದಿನ ಬಿಟ್ಟು ದಿನ ನೀರು ಬರುತ್ತೆ, ಟ್ಯಾಂಕಿಗೆ ಏರಿಸೋಕೆ ಮೋಟಾರ್ ಹಾಕ್ಬೇಡ್ವಾ?” ಎಂದು ರೇಗಿದೆ.

ರೇಗಿದ ಮೇಲೆ, ಮೋಟಾರ್ ಹಾಕಿದಾಗೆಲ್ಲ ಮನೆಯ ಲೈಟುಗಳು ಮಂಕಾಗುವುದು ನೆನಪಾಯಿತು. ಶಾಪಗಳನ್ನೆಲ್ಲ ಅಲ್ಲೇ ನಿಂತು ವಾಪಸ್ ತೆಗೆದುಕೊಂಡೆ.